ಪದ್ಮರಾಗದ ಬೊಟ್ಟು

ರಾಜಾಜಿನಗರ, ಬೆಂಗಳೂರು
೨೩ ಆಗಸ್ಟ್ ೧೯೭೮, ಬುಧವಾರ

ನನ್ನ ಮುದ್ದು ಅಮ್ಮನಿಗೆ,

ಮುಂದಿನ ಸಾಲು ಓದುವ ಮೊದಲು ಎದ್ದು ಹೋಗಿ ಹಣೆ ತೊಳೆದುಕೊಂಡು ಬಾ. ತೊಳೆದ ಮೇಲೆ ದೇವರ ಮನೆಯ ಭರಣಿಯಲ್ಲಿರುವ ಹಳೆಯ ಕುಂಕುಮ ಇಟ್ಟುಕೋ. ಮುತ್ತೈದೆಗೆ, ಅದೂ ಹೆತ್ತ ತಾಯಿಗೆ, ಶ್ರಾವಣದಲ್ಲಿ ಹೀಗೆ ಬರೆಯಬಾರದೆಂದು ನನಗೆ ಗೊತ್ತು. ಟೆಲಿಗ್ರಾಂ ಕೊಡೋಣವೆಂದು ಅಂಚೆ ಕಚೇರಿಯವರೆಗೂ ಹೋಗಿದ್ದೆ. ಆದರೆ "ಕುಂಕುಮ ಅಳಿಸು" ಎಂದು ಎರಡೇ ಪದ ಬಂದರೆ ನಿನ್ನ ಗತಿ ಏನು! ಅಪ್ಪ ಪಕ್ಕದಲ್ಲೇ ಕಾಫಿ ಕುಡಿಯುತ್ತಾ ಕೂತಿದ್ದರೂ ನೀನು ನಿಂತಲ್ಲೇ ಬಿದ್ದುಬಿಡುತ್ತಿದ್ದೆ. ಅದಕ್ಕೇ ವಾಪಸು ಬಂದು ಕಾಗದ ಬರೆಯಲು ಕೂತೆ.

ತೊಳೆದೆಯಾ? ಈಗ ಕೇಳು. ಮಂಗಳಗೌರಿಯ ಮೊದಲನೆಯ ಬಾಗಿನ ಹೆತ್ತವಳಿಗೇ ಕೊಡಬೇಕೆಂದು, ಹದಿನೈದು ದಿನದ ಹಿಂದೆ ಮೈಸೂರಿಗೆ ಬಂದು ನಿನ್ನ ಮೊರದಲ್ಲಿಟ್ಟೆನಲ್ಲ, ಆರು ಬಣ್ಣದ ಲಿಕ್ವಿಡ್ ಕುಂಕುಮದ ಪೆಟ್ಟಿಗೆ, ನಿನ್ನ ಅಳಿಯಂದಿರ ಫ್ಯಾಕ್ಟರಿಯ "ಪದ್ಮರಾಗ", ಅದನ್ನು ಇನ್ನು ಮುಟ್ಟಬೇಡ. ಯಾರಿಗೂ ಕೊಡಬೇಡ. ಅದರಲ್ಲಿರುವುದು ಬಟ್ಟೆಗೆ ಹಾಕುವ ಬಣ್ಣ.

ಅಮ್ಮಾ, ನಾನು ಎಷ್ಟು ಸಂತೋಷವಾಗಿದ್ದೆ! ಮದುವೆಯಾದ ಮೂರು ತಿಂಗಳಿಂದ ನಾನು ಬರೆದ ಕಾಗದಗಳಲ್ಲಿ ಇವರ ವಿಷಯ ಬಿಟ್ಟು ಬೇರೇನಾದರೂ ಇತ್ತೇ? ಇವರ ಸ್ಕೂಟರು, ಇವರ ನಗು, ಇವರು ಮಸಾಲೆ ದೋಸೆಯ ಗರಿಗರಿ ಅಂಚನ್ನು ಮುರಿದು ನನ್ನ ತಟ್ಟೆಗೆ ಹಾಕುವ ರೀತಿ. ನೀನೇ ಬೇಸತ್ತು, "ನಿನ್ನ ಗಂಡ ಚೆನ್ನಾಗಿದ್ದಾರೆಂದು ತಿಳಿಯಿತು, ಅತ್ತೆ ಮಾವ ಹೇಗಿದ್ದಾರೆ ಬರಿ" ಎಂದು ಬರೆದಿದ್ದೆ.

ಒಂದು ವಿಷಯ ಮಾತ್ರ ನಾಚಿಕೆಯಿಂದ ನಿನಗೆ ಬರೆದಿರಲಿಲ್ಲ. ಪ್ರತಿದಿನ ಬೆಳಿಗ್ಗೆ ನನ್ನ ಹಣೆಗೆ ಬೊಟ್ಟು ಇಡುತ್ತಿದ್ದುದು ಇವರೇ. ಸೀಸೆಯ ಮುಚ್ಚಳದ ಕಡ್ಡಿಯನ್ನು ಅದ್ದಿ, ಉಸಿರು ಬಿಗಿಹಿಡಿದು, ಚಿತ್ರ ಬರೆಯುವವರ ಹಾಗೆ ಇಡುತ್ತಿದ್ದರು. ಸಂಜೆ ಬಂದ ತಕ್ಷಣ ಶೂ ಕೂಡ ಬಿಚ್ಚದೆ ನನ್ನ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡುತ್ತಿದ್ದರು. "ಉರೀತಾ? ತುರಿಸ್ತಾ?" ಎಂದು ಕೇಳುತ್ತಿದ್ದರು. ಕಾನ್ವೆಂಟಿನಲ್ಲಿ ಮೇಜಿನ ಕೆಳಗಿಟ್ಟುಕೊಂಡು ಓದಿದ ಇಂಗ್ಲಿಷ್ ಕಾದಂಬರಿಗಳಲ್ಲೂ ಇಂಥ ಗಂಡ ಇರಲಿಲ್ಲ ಅಮ್ಮಾ!

ಬಣ್ಣಗಳಿಗೆ ಹೆಸರಿಟ್ಟವಳೂ ನಾನೇ. ಸನ್‌ಸೆಟ್, ಚೆರ್ರಿ, ಮಿಡ್‌ನೈಟ್ ರೋಸ್. ಸಂಜೆಯಾದರೆ ಇವರು ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ವಿಜಯನಗರ, ಅತ್ತಿಗುಪ್ಪೆ ಎಂದು ಪರಿಚಯದ ಮನೆಗಳಿಗೆಲ್ಲ ಕರೆದೊಯ್ಯುತ್ತಿದ್ದರು. ಹೊಸ ಹೆಂಡತಿಯನ್ನು ತೋರಿಸುವ ಹೆಮ್ಮೆ ಎಂದು ನಾನು ಉಬ್ಬಿಹೋಗಿದ್ದೆ. ಹೆಂಗಸರು ನನ್ನ ಹಣೆ ನೋಡಿ "ಎಷ್ಟು ಲಕ್ಷಣ! ಯಾವ ಕುಂಕುಮ?" ಅನ್ನುವರು. ನಾನು ಕೈಚೀಲದಿಂದ ಸೀಸೆ ತೆಗೆದು ಕೊಡುವೆ.

ಇನ್ನು ನಿನ್ನೆಯದು. ಮೂರನೆಯ ಮಂಗಳವಾರದ ಪೂಜೆ. ಮನೆ ತುಂಬ ಮುತ್ತೈದೆಯರು. ಅತ್ತಿಗುಪ್ಪೆಯ ಪುಟ್ಟಲಕ್ಷ್ಮಿ ಆಂಟಿ ಹಣೆಯ ಮೇಲೆ ರೂಪಾಯಿಯಗಲ ಕಪ್ಪು ಕಲೆ ಹೊತ್ತು ಬಂದಿದ್ದರು. "ಅದೇನೋ ಕಣಮ್ಮ, ಸಿಪ್ಪೆ ಏಳ್ತಾ ಇದೆ. ನಿನ್ನ ಸನ್‌ಸೆಟ್‌ನ ಅದರ ಮೇಲೇ ಇಟ್ಕೊಂಡು ಬಂದೆ, ಕಾಣಲ್ಲ ನೋಡು" ಎಂದು ನಕ್ಕರು. ನಾನೂ ನಕ್ಕೆ.

ಮನೆಮಗಳಿಗೆ ಮೊದಲು ಕುಂಕುಮ ಕೊಡೋಣವೆಂದು ಸೀಸೆ ಹಿಡಿದು ಅಡುಗೆಮನೆಗೆ ಹೋದೆ. ನಾದಿನಿ ವತ್ಸಲಾ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದಳು. ಕಡ್ಡಿಯನ್ನು ಹಣೆಯ ಹತ್ತಿರ ತಂದೆ. ಥಟ್ಟನೆ ಹಿಂದೆ ಸರಿದಳು.

"ಬೇಡ ಅತ್ತಿಗೆ, ಅಣ್ಣ ಬೈತಾನೆ."

"ಅವರದೇ ಕುಂಕುಮಕ್ಕೆ ಅವರೇ ಯಾಕೆ ಬೈತಾರೆ?"

"ಹಚ್ಕೋಬೇಡ ಅಂತ ಯಾವಾಗಲೋ ಹೇಳಿದಾನೆ. ಒಳ್ಳೇದಲ್ವಂತೆ." ಅಷ್ಟು ಹೇಳಿ ನನ್ನ ಮುಖ ನೋಡಿದಳು. ಈಳಿಗೆಯ ಮೇಲೆ ಅವಳ ಕೈ ನಿಂತುಹೋಯಿತು. "ನಿಮಗೆ ಹೇಳಿಲ್ವಾ?"

ಇಷ್ಟು ದಿನ ಅವಳೂ ಅತ್ತೆಯವರೂ ಮನೆಯಲ್ಲಿ ಅರಿಶಿನ, ನಿಂಬೆರಸ ಕಲಸಿ ಮಾಡಿದ ಕುಂಕುಮವನ್ನೇ ಇಟ್ಟುಕೊಳ್ಳುವುದನ್ನು ಕಂಡು, ಪಾಪ ಹಳೇ ಕಾಲದವರು, ಫ್ಯಾಶನ್ ತಿಳಿಯದು ಎಂದುಕೊಂಡಿದ್ದೆ! ಅತ್ತೆಯವರನ್ನು ಕೇಳಿದರೆ, "ಗಂಡಸರ ವ್ಯಾಪಾರ ನಮಗ್ಯಾಕಮ್ಮ. ಹೊರಗೆ ಆರತಿಗೆ ಕಾಯ್ತಾ ಇದಾರೆ, ನಡಿ" ಎಂದರು. ನಾನು ಹೋಗಿ ಆರತಿ ಹಾಡಿದೆ.

ಊಟಕ್ಕೆ ಬಂದಾಗ ಇವರನ್ನು ಕೇಳಿಯೇಬಿಟ್ಟೆ. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ಒಂದು ಬೊಟ್ಟಿಗೆ ಏನಾಗುತ್ತೆ ಬಿಡೇ. ಹಚ್ಕೊಳ್ಳೋಕೇ ಅಂತ ಮಾಡಿರೋ ಬಣ್ಣ ತರಿಸಿದ್ರೆ ಈ ರೇಟಿಗೆ ಮಾರೋಕಾಗಲ್ಲ. ಬಿನ್ನಿಪೇಟೆ ಕಡೆ ಬಟ್ಟೆ ಬಣ್ಣ ಸಿಗುತ್ತೆ, ಡಬ್ಬದಲ್ಲಿ."

"ಹಾಗಾದ್ರೆ ವತ್ಸಲಂಗೆ ಯಾಕೆ ಬೇಡ ಅಂದ್ರಿ?"

"ಮದುವೆ ಆಗಬೇಕಾದ ಹುಡುಗಿ. ಹಣೇಲಿ ಕಲೆ ಬಿದ್ರೆ ಯಾರು ಒಪ್ತಾರೆ?"

"ಬರೀ ಕಲೆಗಾ?"

ಅನ್ನಕ್ಕೆ ಇನ್ನಷ್ಟು ಸಾರು ಬಡಿಸಿಕೊಂಡರು. ಆಮೇಲೆ, ಕೆಮಿಸ್ಟ್ರಿ ಓದಿದವರಲ್ಲವೇ, ಪಾಠ ಹೇಳುವ ಹಾಗೆಯೇ ಹೇಳಿದರು. "ಅಮೆರಿಕದಲ್ಲಿ ಇಲಿಗಳ ಮೇಲೆ ಪರೀಕ್ಷೆ ಮಾಡಿ, ಎರಡು ವರ್ಷದ ಹಿಂದೆ ಒಂದು ಕೆಂಪು ಬಣ್ಣ ನಿಲ್ಲಿಸಿದಾರೆ. ಕ್ಯಾನ್ಸರ್ ಬರಬಹುದು ಅಂತ. ಬರುತ್ತೆ ಅಂತಲ್ಲ, ಬರಬಹುದು ಅಂತ. ನಮ್ಮದು ಅದೇ ಬಣ್ಣ ಅಂತಾನೂ ಹೇಳೋಕಾಗಲ್ಲ. ಡಬ್ಬದ ಮೇಲೆ ಹೆಸರೇ ಇರಲ್ಲ."

ಆ "ಬರಬಹುದು" ತಂಗಿಯ ಹಣೆಗೆ ಬೇಡವಂತೆ. ಹೆಂಡತಿಯ ಹಣೆಗೆ ಆಗುತ್ತದೆ. ಹೆಣ್ಣು ಕೊಟ್ಟ ಅತ್ತೆಯ ಹಣೆಗೂ ಆಗುತ್ತದೆ. ಹೋದ ವಾರ ನಿನ್ನ ಕಾಗದ ಬಂದಾಗ, "ಹಣೆ ಸ್ವಲ್ಪ ತುರಿಸುತ್ತಿದೆ, ಪೌಡರಿಗಿರಬೇಕು" ಎಂದು ನೀನು ಬರೆದದ್ದನ್ನು ನಾನೇ ಇವರಿಗೆ ಓದಿ ಹೇಳಿದ್ದೆ. "ಕೊಬ್ಬರಿ ಎಣ್ಣೆ ಹಚ್ಚಲಿ" ಎಂದು ಪೇಪರು ಮಡಚಿದರು. ನಿಲ್ಲಿಸಲಿ ಎನ್ನಲಿಲ್ಲ ಅಮ್ಮಾ.

ಕೊನೆಗೆ, ಕೇಳಬಾರದಿತ್ತೇನೋ, ಕೇಳಿದೆ. ದಿನಾ ಸಂಜೆ ನನ್ನ ಹಣೆ ನೋಡುತ್ತಿದ್ದುದು ಇದಕ್ಕೇನಾ ಎಂದು. ಅವರ ಮುಖ ಅರಳಿತು! "ನಿನ್ನದು ಒಳ್ಳೇ ಚರ್ಮ ಕಣೇ. ಹೊಸ ಬಣ್ಣ ಹಚ್ಚಿ ಒಂದು ವಾರ ನಿನಗೇನೂ ಆಗ್ಲಿಲ್ಲ ಅಂದ್ರೆ ಅಂಗಡಿಗೆ ಕಳಿಸ್ತಿದ್ದೆ. ನಿನ್ನಿಂದ ಎಷ್ಟು ಉಪಕಾರ ಆಯ್ತು ಗೊತ್ತಾ!" ಹೊಗಳುತ್ತಿದ್ದರು ಅಮ್ಮಾ, ನಿಜವಾಗಿಯೂ ಹೊಗಳುತ್ತಿದ್ದರು. ನಾನು ಪ್ರೀತಿ ಎಂದು ಎಣಿಸಿದ್ದ ಒಂದೊಂದು ಬೆಳಗೂ ಅವರಿಗೆ ಪರೀಕ್ಷೆಯಾಗಿತ್ತು. ನನ್ನ ಹಣೆಯಲ್ಲಿ ಏನೂ ಏಳಲಿಲ್ಲವೆಂದೇ ಆ ಸೀಸೆಗಳು ಪುಟ್ಟಲಕ್ಷ್ಮಿ ಆಂಟಿಯ ಮನೆ ಸೇರಿದವು.

ಇವತ್ತು ಬೆಳಿಗ್ಗೆ ಆ ಆಂಟಿಯನ್ನು ಇಲ್ಲಿನ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎಲ್ಲ ಹೇಳಿದೆ. ಆ ಡಾಕ್ಟರು ಸುಮ್ಮಸುಮ್ಮನೆ ಹೆದರಿಸುವವರಲ್ಲ. "ಇದರಿಂದ ಕ್ಯಾನ್ಸರ್ ಬಂದೇ ಬರುತ್ತೆ ಅಂದ್ರೆ ಸುಳ್ಳಾಗುತ್ತೆ. ಬರೋದೇ ಇಲ್ಲ ಅಂತಾನೂ ಹೇಳಲಾರೆ. ಬಣ್ಣದ ಕಾರ್ಖಾನೆಗಳಲ್ಲಿ ವರ್ಷಗಟ್ಟಲೆ ದುಡಿದವರಿಗೆ ಬಂದಿದೆ. ನಿಮ್ಮ ಕೈಯಲ್ಲಿರೋದು ಒಂದೇ, ಇವತ್ತೇ ನಿಲ್ಲಿಸೋದು. ಒಳಗೇನಿದೆ ಅಂತ ಬರೆದಿಲ್ಲದ್ದನ್ನ ಮೈಮೇಲೆ ಹಚ್ಕೋಬೇಡಿ" ಎಂದರು. ಹಣೆಯನ್ನು ಉಜ್ಜಬಾರದಂತೆ, ಬರೀ ನೀರು, ಸೋಪು. ನಿನ್ನ ತುರಿಕೆ ಒಂದು ವಾರದಲ್ಲಿ ಹೋಗದಿದ್ದರೆ ಅಪ್ಪನ ಜೊತೆ ಚರ್ಮದ ಡಾಕ್ಟರನ್ನು ಕಾಣು. ನಾಳೆ ಎಂದು ತಳ್ಳಬೇಡ.

ಪುಟ್ಟಲಕ್ಷ್ಮಿ ಆಂಟಿಯನ್ನು ಅವರ ಮನೆಯವರೆಗೆ ಬಿಟ್ಟೆ. ಗೇಟಿನ ಹತ್ತಿರ ನಿಂತು, "ನೀನು ಮಗು ಕಣಮ್ಮ, ನಿನಗೇನು ಗೊತ್ತಿತ್ತು" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಾಳೆ ಉಳಿದ ಮನೆಗಳಿಗೂ ಹೋಗುತ್ತೇನೆ. ಹೋಗಬೇಡ ಎಂದು ಇವರು ಕೈಮುಗಿದರು; ಬಾಯಿ ಬಿಟ್ಟರೆ ಫ್ಯಾಕ್ಟರಿಗೆ ಬೀಗ, ವತ್ಸಲನ ಮದುವೆಗೂ ಬೀಗ ಎಂದರು. ನಮ್ಮ ಸಂಸಾರಕ್ಕೆ ಏನಾಗುತ್ತದೆಂದು ನಾನೂ ಯೋಚಿಸಿದೆ. ಆದರೆ ಸೀಸೆ ಕೊಟ್ಟ ಕೈ ನನ್ನದು. ಕೇಳದೆ ಮುಂದೆ ಬಂದ ಹಣೆಗಳು ಅವು, ನನ್ನ ನಗು ನಂಬಿ.

ಶನಿವಾರದ ರೈಲಿಗೆ ಬರುತ್ತೇನೆ. ನಾಲ್ಕನೆಯ ಮಂಗಳವಾರದ ಪೂಜೆ ನಿನ್ನ ಹತ್ತಿರವೇ ಮಾಡುತ್ತೇನೆ. ಎಷ್ಟು ದಿನ ಇರುತ್ತೀಯ ಎಂದು ಸದ್ಯಕ್ಕೆ ಕೇಳಬೇಡ. ಅಪ್ಪನಿಗೂ ಕೇಳಬೇಡ ಎಂದು ಹೇಳು. ನಮಸ್ಕಾರಗಳನ್ನು ಈ ಸಲ ಬರೆದು ಕಳಿಸುವುದಿಲ್ಲ, ಬಂದು ಮಾಡುತ್ತೇನೆ.

ನಿನ್ನ
ಇಂದು

ತಾ.ಕ.: ಲಕೋಟೆ ಅಂಟಿಸುವ ಮೊದಲು ಈ ಕಾಗದವನ್ನು ಇವರ ಕೈಗೇ ಕೊಟ್ಟೆ. ಕದ್ದು ಬರೆದಳೆಂದು ಆಗಬಾರದು. ಕುರ್ಚಿಯಲ್ಲಿ ಕೂತು ಮೊದಲಿಂದ ಕೊನೆಯವರೆಗೆ ಓದಿದರು. ಸುಳ್ಳೇಕೆ ಹೇಳಲಿ, ಬಾಗಿಲ ಹತ್ತಿರ ನಿಂತು ಕಾಯುತ್ತಿದ್ದೆ. "ಇಂದೂ, ತಪ್ಪಾಯ್ತು" ಎಂದು ಒಂದೇ ಒಂದು ಮಾತು ಅಂದಿದ್ದರೆ ಇದನ್ನು ಹರಿದು ಬೇರೆ ಬರೆಯುತ್ತಿದ್ದೆನೋ ಏನೋ. ಜೇಬಿನಿಂದ ಪೆನ್ನು ತೆಗೆದು ನನ್ನ ಕೈಗಿಟ್ಟು, "ಉಳಿದಿದ್ದು ಏನು ಬೇಕಾದ್ರೂ ಇರಲಿ, ಕಂಪನಿ ಹೆಸರು ಒಂದು ಹೊಡೆದುಹಾಕಿಬಿಡು" ಎಂದರು. ಅವರದೇ ಪೆನ್ನಿನಲ್ಲಿ ಬರೆಯುತ್ತಿದ್ದೇನೆ, ದೊಡ್ಡದಾಗಿ: ಪದ್ಮರಾಗ. ನಿಮ್ಮ ಬೀದಿಯ ಎಲ್ಲ ಹೆಂಗಸರಿಗೂ ಓದಿ ಹೇಳು.