ಹಳೆ ಕೋಣೆ ಬಿಟ್ಟು

ನವೆಂಬರ್ 3, ಸೋಮವಾರ

ಬೆಳಿಗ್ಗೆಯಿಂದ ಬರೀ ಹೂಕುಂಡ. ತೂಗುವ ಕುಂಡ, ಕಿಟಕಿಯ ಕುಂಡ, ಹೊಳೆಯುವ ಕುಂಡ. ಮೊಬೈಲ್ ಗೇಮಿನ ಅಂಗಡಿಯಲ್ಲಿ ಮಾರುವ ಸಾಮಾನುಗಳ ಹೆಸರು, ವಿವರ, ಆಫರ್ — ಎಲ್ಲ ಇಂಗ್ಲಿಷಿನಿಂದ ಕನ್ನಡಕ್ಕೆ. ಆಟದೊಳಗೆ ಜನ ಮನೆ ಕಟ್ಟುತ್ತಾರಂತೆ. ಇಬ್ಬರು ಸೇರಿ ಒಂದೇ ಮನೆ ಕಟ್ಟಿ, ದೂರ ದೂರ ಕೂತೇ ಅದರಲ್ಲಿ ಓಡಾಡಬಹುದಂತೆ. ನಾನು ಆಡಿಲ್ಲ. ಎಕ್ಸೆಲ್ ಶೀಟಿನ ಸಾಲುಗಳಷ್ಟೇ ಗೊತ್ತು.

ಅಮ್ಮ ಇಣುಕಿದರು. "ಇವತ್ತು ಎಂತ ಮಾರುವುದು ನೀನು?"

ಕುಂಡ ಅಂದೆ.

"ನಿಜವಾದ್ದಾ?"

ಅಲ್ಲ ಅಂದೆ. ಅಮ್ಮ ಒಳಗೆ ಹೋದರು.

ನವೆಂಬರ್ 5, ಬುಧವಾರ

ಹೊಸ ಬ್ಯಾಚ್. ಒಂದು ಸಾಲು ಅರ್ಥವಾಗಲಿಲ್ಲ — ಮನೆ ಪೂರ್ತಿ ಹೊಸದಾಗುವ ಆಫರ್. ಹಳೆಯ ಕೋಣೆಗಳು ಏನಾಗುತ್ತವೆ ಎಂದು ನಮ್ಮ ತಂಡದ ಲೀಡ್ ಮೇಡಂಗೆ ಮೆಸೇಜ್ ಮಾಡಿದೆ. ಬೆಂಗಳೂರಿನವರು, ಮುಖ ನೋಡಿಲ್ಲ. "ಹೋಗತ್ತೆ, ರೀಸೆಟ್" ಎಂದು ಉತ್ತರ ಬಂತು.

'ಹಳೆ ಕೋಣೆ ಅಳಿಸಿಹೋಗುತ್ತದೆ, ಮನೆ ಪೂರ್ತಿ ಹೊಸದು' ಎಂದು ಬರೆದು ಕಳಿಸಿದೆ. ಸಂಜೆ ವಾಪಸ್. ಕೆಂಪು ಬಣ್ಣದಲ್ಲಿ ಟಿಪ್ಪಣಿ — ಹೆದರಿಸುವ ಪದ ಬೇಡ. ಚಿಕ್ಕದಾಗಿರಲಿ.

ನವೆಂಬರ್ 6, ಗುರುವಾರ

'ಹಳೆ ಕೋಣೆ ಬಿಟ್ಟು ಮನೆ ಪೂರ್ತಿ ಹೊಸದು.'

ಕೂಡಲೇ ಓಕೆ ಆಯಿತು. ಖುಷಿಯಾಯಿತು, ಸುಳ್ಳೇಕೆ. ಮಧ್ಯಾಹ್ನ ಊಟಕ್ಕೆ ಕೂತಾಗ ಸಾಲು ಮತ್ತೆ ತಲೆಯೊಳಗೆ ಬಂತು. 'ಬಿಟ್ಟು'. ಹಳೆಯದನ್ನು ತೊರೆದು ಎಂದೂ ಆಗುತ್ತದೆ. ಹಳೆಯದೊಂದನ್ನು ಮುಟ್ಟದೆ ಉಳಿದದ್ದೆಲ್ಲ ಎಂದೂ ಆಗುತ್ತದೆ. ಓದಿದವರಿಗೆ ಮೊದಲು ಹೊಳೆಯುವುದು ಎರಡನೆಯದೇ. ಕೋಣೆ ಉಳಿಯುತ್ತದೆ ಎಂದೇ ತಿಳಿಯುತ್ತಾರೆ.

ಮೇಡಂಗೆ ಫೋನ್ ಮಾಡಿ ಹೇಳಿದೆ.

"ಗೊತ್ತು ಸಮೀಕ್ಷಾ. ಅದಕ್ಕೇ ಓಕೆ ಮಾಡಿದ್ದು."

ತಮಾಷೆ ಮಾಡಿದರೇನೋ. ದನಿಯಲ್ಲಿ ನಗು ಇರಲಿಲ್ಲ.

ನವೆಂಬರ್ 9, ಭಾನುವಾರ

ಬಂಟ್ವಾಳಕ್ಕೆ ಹೋಗಿದ್ದೆ, ಶಮ್ನಾಳ ಮನೆಗೆ. ಉಜಿರೆಯ ಹಾಸ್ಟೆಲಿನಲ್ಲಿ ಮೂರು ವರ್ಷ ಒಂದೇ ಕೋಣೆ ನಾವು. ಮೇ ತಿಂಗಳಲ್ಲಿ ಅವಳ ಗಂಡ ಅಝೀಮ್ ಶಾರ್ಜಾದಲ್ಲಿ ರಸ್ತೆ ದಾಟುವಾಗ ಗಾಡಿ ಬಡಿದು ತೀರಿಹೋದ. ಅಲ್ಲೇ ದಫನ್ ಮಾಡಿದರು. ಇವಳು ಇಲ್ಲಿ ಗಂಡ ತೀರಿದವರು ಕೂರುವ ಇದ್ದಾ ಕೂತಳು, ನಾಲ್ಕು ತಿಂಗಳು ಹತ್ತು ದಿನ ಹೊರಗೆ ಹೋಗದೆ. ಅದು ಮುಗಿದ ಮೇಲೂ ಹೊರಗೆ ಹೋಗುವುದು ಕಡಿಮೆ ಎಂದು ಅವಳ ಅತ್ತೆ ಪಾತುಮ್ಮ ಹೇಳಿದರು.

ಚಾ ಕುಡಿದಾದ ಮೇಲೆ ಶಮ್ನಾ ನನ್ನನ್ನು ಒಳಗೆ ಕರೆದಳು. "ಬಾ, ಅವರ ಕೋಣೆ ತೋರಿಸ್ತೇನೆ."

ಮೊಬೈಲ್ ತೆಗೆದಳು. ನನ್ನ ಕುಂಡಗಳು. ನನ್ನ ಕಿಟಕಿಗಳು.

ಆ ದೇಶದಲ್ಲಿ ವಾಟ್ಸಾಪ್ ಕಾಲ್ ಹೋಗುವುದಿಲ್ಲ. ಅದಕ್ಕೇ ಇಬ್ಬರೂ ಈ ಆಟ ಹಾಕಿಕೊಂಡದ್ದಂತೆ. ಡ್ಯೂಟಿ ಮುಗಿಸಿ ಅವನು ಈ ಕೋಣೆಗೆ ಬರುತ್ತಿದ್ದ. ಅವಳು ಮಲಗಿದ್ದರೆ ಗೋಡೆಗೆ ಚೀಟಿ ಅಂಟಿಸಿ ಹೋಗುತ್ತಿದ್ದ. ಬ್ಯಾರಿ ಮಾತು, ಕನ್ನಡ ಅಕ್ಷರ. ಗೋಡೆ ತುಂಬ ಚೀಟಿ. ಉಮ್ಮನ ಕಣ್ಣಿನ ಮದ್ದು ತಂದೆಯಾ? ಇಲ್ಲಿ ಇವತ್ತು ಧೂಳು. ನಿನ್ನ ಮೇಲೆ ಸಿಟ್ಟಿಲ್ಲ, ನಿದ್ದೆ ಬಂದಿತ್ತು ಅಷ್ಟೆ.

"ಅವರನ್ನು ಮಣ್ಣು ಮಾಡಿದ ಖಬರ್ ಹತ್ರ ಹೋಗ್ಲಿಕ್ಕೆ ನಂಗೆ ಆಗುದಿಲ್ಲ. ಇಲ್ಲಿಗೆ ಬರ್ತೇನೆ," ಅಂದಳು. "ಇಂಗ್ಲಿಷಿನಲ್ಲಿತ್ತು. ಈಗ ಕನ್ನಡ ಮಾಡಿಕೊಂಡೆ. ಯಾರೋ ಚಂದ ಬರ್ದಿದ್ದಾರೆ ಮಾರಾಯ್ತಿ."

ಅದು ನಾನೇ ಎಂದು ಹೇಳಲಿಲ್ಲ. ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಕೂರಲಾಗಲಿಲ್ಲ.

ನವೆಂಬರ್ 11, ಮಂಗಳವಾರ

ಹಳೆಯ ಶೀಟುಗಳನ್ನು ತೆರೆದೆ. ಕಳೆದ ತಿಂಗಳು ಮಾಡಿದ ಸಾಲುಗಳು — 'ಗೋಡೆ ಬಿರುಕು ಬಿಟ್ಟಿದೆ', 'ಮಾಡು ಸೋರುತ್ತಿದೆ', 'ಈಗಲೇ ಗಮನಿಸಿ'. ಎಲ್ಲಿ ಬರುತ್ತವೆ ಎಂದು ಆಗ ಕೇಳಿರಲಿಲ್ಲ. ಈಗ ತಿಳಿಯಿತು. ಮೊದಲು ಮನೆ ಕೆಡುತ್ತದೆ. ಆಮೇಲೆ ನನ್ನ ಆಫರ್ ಬರುತ್ತದೆ.

ಮೇಡಂಗೆ ಫೋನ್. ಸಾಲು ಬದಲಿಸಿ ಎಂದೆ.

"ಲಾಕ್ ಆಗಿದೆ. ಇಪ್ಪತ್ತಕ್ಕೆ ಲೈವ್."

ನನಗೆ ಗೊತ್ತಿರುವವರೊಬ್ಬರು ಆಡುತ್ತಾರೆ ಎಂದೆ.

"ಅಗ್ರಿಮೆಂಟಿಗೆ ಸೈನ್ ಹಾಕಿದೀರಲ್ವಾ? ಲೈವ್ ಆಗೋ ಮುಂಚೆ ಹೊರಗಡೆ ಒಂದು ಮಾತು ಹೋದ್ರೂ ನಿಮಗೇ ಕಷ್ಟ. ನೋಡ್ಕೊಳ್ಳಿ."

ನವೆಂಬರ್ 12, ಬುಧವಾರ

ಶಮ್ನಾಳಿಗೆ ಬರೆದೆ — ಆಫರ್ ತಗೊಳ್ಳಬೇಡ, ಕೋಣೆ ಹೋಗ್ತದೆ. ಅಳಿಸಿದೆ. ಇನ್ನೊಮ್ಮೆ ಬರೆದೆ. ಅವಳು ಯಾರಿಗಾದರೂ ಕಳಿಸಿದರೆ? ಅದು ಮೇಡಂವರೆಗೆ ಹೋದರೆ? ಕೊನೆಗೆ ಕಳಿಸಿದ್ದು ಇಷ್ಟು:

"ಆಟದಲ್ಲಿ ಹೊಸ ಆಫರ್ ಬರ್ತದಂತೆ. ಬಂದರೆ ನೋಡಿ ತಗೋ."

"ಆಯ್ತು ಮಾರಾಯ್ತಿ" ಎಂದು ಉತ್ತರ ಬಂತು.

ಎಚ್ಚರಿಸಿದ್ದೇನೆ. ಎಚ್ಚರಿಸಿದ ಹಾಗೆಯೇ ಅಲ್ಲವೇ ಅದು?

ನವೆಂಬರ್ 17, ಸೋಮವಾರ

ನಾಲ್ಕು ದಿನದಿಂದ ಏನೂ ಬರೆದಿಲ್ಲ. ಇವತ್ತು ಶಮ್ನಾಳ ವಾಯ್ಸ್ ಮೆಸೇಜ್. ದನಿ ಕುಗ್ಗಿಹೋಗಿದೆ.

"ಸಮೀ, ಮನೆ ಹಾಳಾಗ್ತಾ ಉಂಟು. ಅವರ ಕೋಣೆಯಲ್ಲೂ ಬಿರುಕು. ನೀರು ಇಳಿದು ಚೀಟಿಗಳೆಲ್ಲ ಮಸುಕಾಗಿದೆ. ಎಂತ ಮಾಡುದು ಹೇಳು."

ಇಪ್ಪತ್ತಕ್ಕೆ ಇನ್ನೂ ಸಮಯ ಇದೆ. ಬುಧವಾರ ಹೋಗಿ ಎದುರು ಕೂತು ಹೇಳುತ್ತೇನೆ. ಬಾಯಿಮಾತಿಗೆ ಸಾಕ್ಷಿ ಇರುವುದಿಲ್ಲ. "ಬರ್ತೇನೆ, ಹೆದರಬೇಡ" ಎಂದು ಕಳಿಸಿದೆ.

ನವೆಂಬರ್ 18, ಮಂಗಳವಾರ, ಸಂಜೆ

ನಾಲ್ಕು ಗಂಟೆಗೆ ಎಲ್ಲರಿಗೂ ಮೇಲ್ ಬಂತು. ಬಿರುಕು ತೋರಿಸಿದ ಮೇಲೆ ಆಟಗಾರರ ಸ್ಪಂದನೆ ತುಂಬಾ ಚೆನ್ನಾಗಿದೆಯಂತೆ. ಆದ್ದರಿಂದ ಆಫರ್ ಇವತ್ತೇ ಲೈವ್.

ಫೋನ್ ಮಾಡಿದೆ. ಪಾತುಮ್ಮ ತೆಗೆದರು. "ಅವಳು ನಮಾಜಿಗೆ ನಿಂತಿದ್ದಾಳೆ ಮಗಳೇ. ಆದ ಮೇಲೆ ಮಾಡಿಸ್ತೇನೆ."

"ಮೊಬೈಲ್ ಮುಟ್ಟಬೇಡ ಅಂತ ಹೇಳಿ," ಅಂದೆ.

"ಯಾಕೆ, ಕರೆಂಟ್ ಹೊಡೀತದಾ?"

ಇಲ್ಲ, ಬೇಗ ಫೋನ್ ಮಾಡಿಸಿ ಎಂದೆ. ಕಾದೆ. ಫೋನ್ ಬರಲಿಲ್ಲ, ಮೆಸೇಜ್ ಬಂತು.

"ತಗೊಂಡೆ. ನೀನು ಹೇಳಿದ್ದೆಯಲ್ಲ, ನೋಡಿ ತಗೋ ಅಂತ. ಎರಡು ಸಲ ಓದಿದೆ, ಹಳೆ ಕೋಣೆ ಬಿಟ್ಟು ಅಂತಲೇ ಉಂಟು. ಕೆಲಸ ನಡೀತಾ ಉಂಟಂತೆ. ನಾಳೆ ಬೆಳಿಗ್ಗೆ ಬಾಗಿಲು ತೆರೀತದೆ. ಈಗ ಸಮಾಧಾನ ಆಯ್ತು."

ನವೆಂಬರ್ 19, ಬುಧವಾರ

ಬೆಳಗ್ಗಿನ ಬಸ್ಸಿಗೆ ಹೋದೆ. ಶಮ್ನಾ ಮಂಚದ ತುದಿಯಲ್ಲಿ ಕೂತಿದ್ದಳು. ಅಳುತ್ತಿರಲಿಲ್ಲ. ಮೊಬೈಲಿನಲ್ಲಿ ಬಿಳಿ ಗೋಡೆ. ಹೊಸ ಸೋಫಾ. ಒಂದು ಹೊಳೆಯುವ ಕುಂಡ.

ಫೋಟೋ ತೆಗೆದಿಟ್ಟಿಲ್ಲವಾ ಎಂದು ಕೇಳಿದೆ.

"ಅಲ್ಲೇ ಉಂಟಲ್ಲ ಅಂತ ತೆಗೀಲಿಲ್ಲ."

ಆಮೇಲೆ ಆಫರಿನ ಸಾಲು ತೆಗೆದು ಮೊಬೈಲನ್ನು ನನ್ನ ಕೈಗೆ ಕೊಟ್ಟಳು. "ನಾನು ಓದಿದ್ದು ತಪ್ಪಾ? ನೀನು ಕನ್ನಡ ಕಲಿತವಳು. ಸರಿಯಾಗಿ ಓದಿ ಹೇಳು."

ಬಾಗಿಲಲ್ಲಿ ಪಾತುಮ್ಮ ನಿಂತಿದ್ದರು.

"ನೀನು ಓದಿದ್ದು ಸರಿಯೇ," ಅಂದೆ. "ಬರೆದದ್ದು ನಾನು."

ಆಟವನ್ನು ಕನ್ನಡ ಮಾಡುವವಳೂ ನಾನೇ ಎಂದೆ. ಎರಡು ಅರ್ಥ ಬರುತ್ತದೆ ಎಂದು ಗೊತ್ತಿತ್ತು, ಹೇಳಲು ಹೆದರಿದೆ ಎಂದೆಲ್ಲ ಹೇಳಿದೆ. ಅವಳು ಮೊಬೈಲನ್ನು ನನ್ನ ಕೈಯಿಂದ ಮೆಲ್ಲನೆ ತೆಗೆದುಕೊಂಡಳು.

"ನೀನು ಈಗ ಹೋಗು ಸಮೀ."

ಪಾತುಮ್ಮ ದಾರಿ ಬಿಟ್ಟು ಸರಿದು ನಿಂತರು. ಚಾ ಕುಡಿದು ಹೋಗು ಎಂದು ಹೇಳದೆ ಆ ಮನೆಯಿಂದ ನನ್ನನ್ನು ಕಳಿಸಿದ್ದು ಇದೇ ಮೊದಲು.

ನವೆಂಬರ್ 24, ಸೋಮವಾರ

ಫೋನ್ ತೆಗೆಯುತ್ತಿಲ್ಲ. ಮೆಸೇಜ್ ಓದಿದ ಗುರುತೂ ಇಲ್ಲ.

ಇವತ್ತು ಹೊಸ ಬ್ಯಾಚ್, ತುರ್ತು ಎಂದು ಬರೆದಿದೆ. ಮೊದಲ ಸಾಲು — ಕಳೆದುಹೋದ ಕೋಣೆ ಮರಳಿ ಪಡೆಯುವ ಆಫರ್. ಚೀಟಿಗಳು ಸಹಿತ ಬರುತ್ತವೆಯೇ ಎಂದು ಕೇಳಿದೆ.

"ಕೋಣೆ ಬರತ್ತೆ. ಖಾಲಿ. ಆ ಡೇಟಾ ಎಲ್ಲ ಈಗ ಎಲ್ಲಿರತ್ತೆ? ಅದೆಲ್ಲ ಬರೀಬೇಡಿ. 'ನಿಮ್ಮ ಹಳೆ ಕೋಣೆ' ಅಂತ ಮಾತ್ರ ಇರಲಿ."

ಮಾಡುವುದಿಲ್ಲ ಎಂದೆ. ಈ ಕೆಲಸವೇ ಬೇಡ ಎಂದು ಬರೆದು ಕಳಿಸಿದೆ. ಹತ್ತು ನಿಮಿಷಕ್ಕೆ ಉತ್ತರ: "ಪರವಾಗಿಲ್ಲ, ಬೇರೆಯವರು ಇದ್ದಾರೆ."

ಅಮ್ಮನಿಗೆ ಎಲ್ಲ ಹೇಳಿದೆ. "ಅವಳ ಹತ್ತಿರ ಹೋಗು," ಅಂದರು. "ಬಾಗಿಲು ತೆಗೆಯದಿದ್ದರೆ ಹೊರಗಿನಿಂದಲೇ ಹೇಳು."

ನವೆಂಬರ್ 26, ಬುಧವಾರ

ಬಸ್ಸಿನಲ್ಲಿದ್ದೇನೆ. ಫೋನಿನಲ್ಲೇ ಬರೆಯುತ್ತಿದ್ದೇನೆ. ಬಸ್ಸು ಸಿದ್ಧಕಟ್ಟೆ ದಾಟಿತು, ಬಂಟ್ವಾಳಕ್ಕೆ ಇನ್ನು ಸ್ವಲ್ಪವೇ ದೂರ. ಅವಳ ಮುಂದೆ ತಡವರಿಸಬಾರದು. ಆ ಕೋಣೆ ಖಾಲಿ, ಅದನ್ನು ತಗೊಳ್ಳಬೇಡ — ಇಷ್ಟೇ ಹೇಳಬೇಕು. ಕ್ಷಮೆ ಆಮೇಲೆ ಕೇಳಬಹುದು.

ಮೆಸೇಜ್ ಬಂತು. ಶಮ್ನಾ. ಏಳು ದಿನದ ನಂತರ.

"ಸಮೀ, ನಿನ್ನ ಮೇಲೆ ಸಿಟ್ಟು ಹೋಯ್ತು. ಅವರ ಕೋಣೆ ವಾಪಸ್ ಕೊಡ್ತಾರಂತೆ, ತಗೊಳ್ತಾ ಇದ್ದೇನೆ. ಈ ಸಲ ಕನ್ನಡ ಸ್ಪಷ್ಟ ಉಂಟು, ಉಮ್ಮನಿಗೂ ಓದಿ ಹೇಳಿದೆ. ಉಮ್ಮ ಈಗ ನನ್ನ ಪಕ್ಕದಲ್ಲೇ ಕೂತಿದ್ದಾರೆ, ಮಗನ ಚೀಟಿ ನೋಡ್ಲಿಕ್ಕೆ"

ಫೋನ್ ಮಾಡಿದೆ. ರಿಂಗ್ ಆಗುತ್ತಿದೆ, ತೆಗೆಯುತ್ತಿಲ್ಲ. ಮತ್ತೆ ಮಾಡುತ್ತಿದ್ದೇನೆ —