ಬೋರ್ಡಿನ ಗ್ಯಾರಂಟಿ, ಸೂಜಿ ಕೋಣೆಯ ಬೀಗ

ಮಾನಸಿಕ ಆಸ್ಪತ್ರೆಯ ಬೀಗದ ಕೈ ಹಿಡಿದು ಕೂತಿರುವ ಆಡಳಿತಾಧಿಕಾರಿಗಳೇ,

ಬೋರ್ಡು ಇಳಿಸಿ ಎಂದು ನಾನು ದೂರು ಕೊಟ್ಟೆ. ನೀವು ಬೋರ್ಡನ್ನು ಹಾಗೇ ಬಿಟ್ಟು ಸೂಜಿ ಚಿಕಿತ್ಸೆಯ ಕೋಣೆಗೆ ಬೀಗ ಹಾಕಿದಿರಿ. ನೆಗಡಿ ಬಂತೆಂದು ಮೂಗು ಕೊಯ್ಯುವುದು ಇದಲ್ಲದೆ ಇನ್ನೇನು? ‘ಆಕ್ಯುಪಂಕ್ಚರ್: ಮನೋರೋಗಗಳು ಸಂಪೂರ್ಣ ಗುಣ’ ಎಂಬ ಅಕ್ಷರಗಳು ಇಂದಿಗೂ ಗೋಡೆಯ ಮೇಲೆ ಹೊಳೆಯುತ್ತಿವೆ, ಕೆಳಗೆ ಬೀಗ ನೇತಾಡುತ್ತಿದೆ.

ನಾನು ಹಳೆಯ ಸ್ಕೂಟರು ಕೊಂಡು ಮಾರುವವನು. ಬರೀ ಬಾಯಿ ಬಂಡವಾಳದಿಂದ ಅಂಗಡಿ ಕಟ್ಟಿದವನು. ‘ಪೂರ್ತಿ ಗ್ಯಾರಂಟಿ’ ಎಂದು ಕೂಗಿದಷ್ಟೂ ಗಾಡಿ ಒಳಗೆ ಕೆಟ್ಟಿರುತ್ತದೆಂಬುದು ನನ್ನ ಕಸುಬಿನ ಗುಟ್ಟು. ಅಂಥವನೂ ನಿಮ್ಮ ಬೋರ್ಡಿಗೆ ಮರುಳಾದೆ. ನನ್ನನ್ನು ಎತ್ತಿ ಆಡಿಸಿದ ಅಕ್ಕ ಕಳೆದ ವರ್ಷ ಮಂಕಾದಳು. ಸ್ನಾನಕ್ಕೆ ಏಳಳು, ನಿದ್ದೆ ಬಾರದು. ನಿಮ್ಮ ವೈದ್ಯೆ ಮಾತ್ರೆ ಬರೆದು, ಜೊತೆಗೆ ಸೂಜಿ ಕೋಣೆಗೂ ಕಳಿಸಿದರು. ಸೂಜಿ ಹೇಗೆ ಕೆಲಸ ಮಾಡುತ್ತದೆಂದು ಕೇಳಿದೆ.

“ಚುಚ್ಚಿದ ಕಡೆಯ ನರ ಮಿದುಳಿಗೆ ಸುದ್ದಿ ಕಳಿಸುತ್ತೆ, ಮೈ ತನ್ನನ್ನೇ ಸಮಾಧಾನ ಮಾಡ್ಕೊಳ್ಳುತ್ತೆ ಅಂತಾರೆ. ಸುಮ್ನೆ ತೋರಿಕೆಗೆ ಮುಟ್ಟಿಸಿದ ಸೂಜಿಗೂ ಕೆಲವರು ಹಗುರಾಗ್ತಾರೆ. ಪೂರ್ತಿ ಗೊತ್ತಿಲ್ಲ. ಆದ್ರೆ ಮಾತ್ರೆ ಬಿಡಬೇಡಿ,” ಎಂದರು.

ಗೊತ್ತಿಲ್ಲ ಎನ್ನುವವರ ಹತ್ತಿರ ನಾನು ಗಾಡಿಯನ್ನೇ ಕೊಳ್ಳುವುದಿಲ್ಲ. ಅವರ ಮಾತು ಕಿವಿಗೆ ಇಳಿಯಲಿಲ್ಲ, ನಿಮ್ಮ ಬೋರ್ಡು ಕಣ್ಣಿಗೆ ಇಳಿಯಿತು.

ಆ ಕೋಣೆಗೊಂದು ಕಟ್ಟಳೆಯಿತ್ತು. ರೋಗಿಯ ಕಿವಿಗೆ, ಮಣಿಕಟ್ಟಿಗೆ, ಹುಬ್ಬಿನ ನಡುವೆ ಸೂಜಿ ಇಟ್ಟ ಮೇಲೆ ಜೊತೆಗೆ ಬಂದವರು ಮಂಚದ ಪಕ್ಕದ ಸ್ಟೂಲಿನಲ್ಲಿ ಕೂರಬೇಕು. ಫೋನು ಹೊರಗೆ, ತುಟಿ ಪಿಟಕ್ಕೆನ್ನುವಂತಿಲ್ಲ. ನನಗದು ಸಜೆ. ಅಕ್ಕನ ಉಸಿರು ನಿಧಾನವಾಗುವುದನ್ನು ನೋಡುತ್ತ ಕೂರುತ್ತಿದ್ದೆ. ಬರಬರುತ್ತ ಅವಳು ತಾನಾಗಿ ತಲೆ ಬಾಚಿಕೊಂಡಳು. ನನ್ನ ಹೊಟ್ಟೆ ನೋಡಿ, ಇದ್ಯಾವ ಗಾಡಿಯ ಟ್ಯಾಂಕೋ ಎಂದು ಹಂಗಿಸಿದಳು. ನಾನು ಹಿಗ್ಗಿ ಹೀರೇಕಾಯಿಯಾದೆ. ಮಾತ್ರೆ ನುಂಗಿ ಮಂಪರು ಯಾಕಕ್ಕ, ಸೂಜಿಯೊಂದೇ ಸಾಕು ಎಂದೆ. ಅವಳು ಹಿಂಜರಿದಳು. ನಾನು ಬಿಡದೆ ಮಾತಾಡಿದೆ. ನನ್ನ ಮಾತಿಗೆ ಒಪ್ಪದ ಗಿರಾಕಿ ಉಂಟೆ? ಮಾತ್ರೆ ನಿಂತಿತು. ಒಂದು ಮಧ್ಯಾಹ್ನ ಅಕ್ಕ ಬಚ್ಚಲಿನ ಚಿಲಕ ಹಾಕಿಕೊಂಡವಳು ತೆಗೆಯಲಿಲ್ಲ. ಬಾಗಿಲು ಒಡೆದೆವು. ಉಳಿದಳು.

ತಪ್ಪಿತಸ್ಥನಿಗೆ ಮೊದಲು ಬೇಕಾಗುವುದು ಹೊರೆ ಹೊರಿಸಲು ಇನ್ನೊಬ್ಬರ ಬೆನ್ನು. ನಾನು ದೂರು ಬರೆದದ್ದು ಅದಕ್ಕೇ. ಬೋರ್ಡು ಸುಳ್ಳು, ನಿಜ; ಆ ಸುಳ್ಳಿಗೆ ಬಾಯಿ ಕೊಟ್ಟವನು ನಾನು. ಸೂಜಿ ಹಾಕುತ್ತಿದ್ದಾಕೆಯನ್ನು ಈಗ ಚೀಟಿ ಕೊಡುವ ಕಿಟಕಿಗೆ ಕೂರಿಸಿದ್ದೀರಂತೆ. ಬೋರ್ಡು ಬರೆಸಿದ ನೀವು ನಿಮ್ಮ ಕುರ್ಚಿಯಲ್ಲಿದ್ದೀರಿ, ಮಾತ್ರೆ ಬಿಡಲು ಅಕ್ಕನನ್ನು ಒಪ್ಪಿಸಿದ ನಾನು ನನ್ನ ಅಂಗಡಿಯಲ್ಲಿದ್ದೇನೆ. ಎಂಥ ನ್ಯಾಯ!

ಅಕ್ಕ ಮತ್ತೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ. ನಿದ್ದೆ ಬರುತ್ತದೆ, ನಗು ಬರುವುದಿಲ್ಲ. ಮೊನ್ನೆ ಮನೆಯಲ್ಲೇ ಅವಳ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ. ಸುಮ್ಮನಿರಬೇಕೆಂದೇ ಕೂತಿದ್ದು. ಆದರೆ ನಿಮ್ಮ ಬೀಗದ ಸಮಾಚಾರ, ಅಂಗಡಿಯ ಸಮಾಚಾರ, ನನ್ನ ಕ್ಷಮಾಪಣೆ, ಎಲ್ಲವೂ ಬಾಯಿಂದ ಹೊರಟವು. ಅವಳು ಕಣ್ಣು ಮುಚ್ಚಿಕೊಂಡೇ ಹೇಳಿದಳು:

“ಸೂಜಿ ಚುಚ್ತಿದ್ದಿದ್ದು ನಂಗೆ ಕಣೋ, ಬಾಯಿ ಮುಚ್ತಿದ್ದಿದ್ದು ನಿಂದು. ಯಾವುದರಿಂದ ಹಗುರ ಆಗ್ತಿತ್ತೋ, ನಂಗೂ ಗೊತ್ತಿಲ್ಲ.”

ವೈದ್ಯೆಗೂ ಪೂರ್ತಿ ಗೊತ್ತಿಲ್ಲ, ಅಕ್ಕನಿಗೂ ಗೊತ್ತಿಲ್ಲ. ನಿಮ್ಮ ಬೋರ್ಡೊಂದಕ್ಕೇ ಎಲ್ಲ ಗೊತ್ತು. ಅದನ್ನು ಇಳಿಸಿ, ಬೀಗ ತೆಗೆಯಿರಿ. ‘ಮಾತ್ರೆಯ ಜೊತೆಗೆ ಸೂಜಿ, ಮಾತ್ರೆಯ ಬದಲಿಗಲ್ಲ’ ಎಂದು ಬಾಗಿಲಿಗೆ ಬರೆಸಿ. ಆಕೆಯನ್ನು ಕಿಟಕಿಯಿಂದ ಕೋಣೆಗೆ ಕಳಿಸಿ. ಸ್ಟೂಲು ಎತ್ತಿಸಿಬಿಟ್ಟಿದ್ದರೆ ಚಿಂತೆಯಿಲ್ಲ, ನಾನೇ ಹೊತ್ತು ತರುತ್ತೇನೆ.

ಇಂತಿ,
ಆ ಸ್ಟೂಲಿನ ಮೇಲೆ ಮಾತ್ರ ಸುಮ್ಮನಿರಲು ಬಲ್ಲ ಒಬ್ಬ ತಮ್ಮ