ಬಲಗಡೆಯ ಪೆಟ್ಟಿಗೆ

ಅಳಿಯಂದಿರಿಗೆ ಮಾವನ ಆಶೀರ್ವಾದಗಳು.

‘ಐ ಆಮ್ ಇನ್ ರಿಸೀಟ್ ಆಫ್’ ಎಂದು ಪತ್ರ ಶುರುಮಾಡಬೇಕೆಂದು ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು, ಮುಂದಿನದು ಮರೆತುಹೋಗಿದೆ. ನೀವು ಕೊಡಿಸಿದ ಹೊಸ ಸ್ಪೀಕರುಗಳು ತುಂಬ ಚೆನ್ನಾಗಿವೆ. ಹಾಡುವವರು ಉಸಿರೆಳೆಯುವುದೂ ಕೇಳಿಸುತ್ತದೆ. ಎಕ್ಸಲೆಂಟ್ ಕ್ಲಾರಿಟಿ. ಗೋಡೆಗೆ ಹಾಕಿಸಿದ್ದರಿಂದ ಕಸ ಗುಡಿಸಲೂ ಸಲೀಸು.

ಒಂದು ಸಣ್ಣ ಕೆಲಸವಿತ್ತು. ಬದಲಿಗೆ ಕೊಟ್ಟ ಹಳೆಯ ಜೋಡಿಯಲ್ಲಿ ಬಲಗಡೆಯ ಪೆಟ್ಟಿಗೆಯ ಮೇಲೆ ಪಾಲಿಶ್ ಹೋಗಿದೆಯೆಂದು ಅಂಗಡಿಯವರು ಮೂಗು ಮುರಿದರಲ್ಲ, ನಾನೂ ದೊಡ್ಡಮನುಷ್ಯನಂತೆ "ನೋ ಪ್ರಾಬ್ಲಂ, ತಗೊಂಡ್ಹೋಗಿ" ಅಂದುಬಿಟ್ಟೆ. ಅದು ನಿಮ್ಮ ಅತ್ತೆ ಕೈಯಿಡುತ್ತಿದ್ದ ಜಾಗ. ಕಿವಿ ಪೂರ್ತಿ ಹೋದ ಮೇಲೆ ಅವಳು ಪೆಟ್ಟಿಗೆಯ ಮೇಲೆ ಅಂಗೈ ಊರಿ ಕೂತು, ಅದರ ನಡುಕದಲ್ಲೇ ಹಾಡು ಗುರುತಿಸುತ್ತಿದ್ದಳು. "ಇದು ಮಗಳನ್ನ ಮಲಗ್ಸೋಕೆ ಹಾಕ್ತಿದ್ದದ್ದು ಅಲ್ವಾ? ಸೌಂಡ್ ಜಾಸ್ತಿ ಮಾಡ್ರೀ, ಅದರಲ್ಲೂ ಜಿಪುಣತನವಾ!" ಅನ್ನುತ್ತಿದ್ದಳು. ಜಾಸ್ತಿ ಮಾಡಿದರೆ ಪಕ್ಕದ ಮನೆಯವರು ಬೈಯುತ್ತಿದ್ದರು. ಅವಳಿಗೆ ಅದೂ ಕೇಳಿಸುತ್ತಿರಲಿಲ್ಲ, ನಗುತ್ತಿದ್ದಳು.

ನಿನ್ನೆ ಹೊಸದರ ಮೇಲೆ ಕೈಯಿಟ್ಟು ನೋಡಿದೆ. ಏನೂ ಅಲುಗುವುದಿಲ್ಲ. ಅದೇ ಅದರ ಹೆಚ್ಚುಗಾರಿಕೆ ಎಂದು ಜೊತೆಗೆ ಬಂದ ಪುಸ್ತಕದಲ್ಲಿ ಬರೆದಿದ್ದಾರೆ.

ಫೋನಿನಲ್ಲಿ ಇದನ್ನೆಲ್ಲ ಹೇಳಲಾಗಲಿಲ್ಲ, ಅದಕ್ಕೇ ಬರೆದು ಮಗಳ ಕೈಲಿ ಕಳಿಸಿದ್ದೇನೆ. ಅಂಗಡಿಯವರು ಹಳೆಯವಕ್ಕೆ ಹೊಸ ಪಾಲಿಶ್ ಹೊಡೆದು ಮಾರುತ್ತೇವೆ ಎಂದಿದ್ದರು. ಅದಕ್ಕೆ ಮೊದಲೇ ಹೋಗಿ ಬಲಗಡೆಯದೊಂದನ್ನು ಬಿಡಿಸಿಕೊಂಡು ಬನ್ನಿ. ಅದು ಹಾಡದಿದ್ದರೂ ಪರವಾಗಿಲ್ಲ. ತರುವಾಗ ಮೇಲೆ ಬಟ್ಟೆಯಿಂದ ಒರೆಸಬೇಡಿ.

ಯುವರ್ಸ್ ಫೇತ್‌ಫುಲಿ,
ನಿಮ್ಮ ಮಾವ